ಪೆಟ್ಟಿಗೆಯ ಹಣೆಗೆ ಕುಂಕುಮ

ಚಿಟಿಕೆ ಕುಂಕುಮ ಸಮುದ್ರಕ್ಕೆ ಬಿದ್ದರೆ ಸಮುದ್ರವೇನೂ ಕೆಂಪಾಗುವುದಿಲ್ಲ. ಆದರೆ ಸಮುದ್ರದಡಿಯ ಕೇಬಲ್ಲಿಗೆ ಬೆಳಕು ಕೊಡುವ ಪೆಟ್ಟಿಗೆಯ ಬಾಯಿಗೆ ಅದೇ ಚಿಟಿಕೆ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿಜಯನಗರದ ಯೋಗಾನಂದ ಒಂದು ಶುಕ್ರವಾರ ಬೆಳಿಗ್ಗೆ ಕಣ್ಣಾರೆ ಕಂಡ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಅಂಥ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಎಂಜಿನಿಯರ್. ನಮ್ಮ ಫೋನಿನ ಹರಟೆ, ಸಿನಿಮಾ, ಜಗಳ ಎಲ್ಲವೂ ಸಮುದ್ರ ದಾಟುವುದು ಗಾಜಿನ ಎಳೆಯೊಳಗೆ ಬೆಳಕಾಗಿ. ಒಂದೊಂದು ಬಣ್ಣದ ಬೆಳಕಿಗೂ ಒಂದೊಂದು ಲೇಸರ್. ನಲವತ್ತು ಬಣ್ಣಕ್ಕೆ ನಲವತ್ತು. ಅವುಗಳನ್ನು ಕೊಳ್ಳುವುದೂ ದುಬಾರಿ, ಸಾಕುವುದೂ ದುಬಾರಿ. ತಂಪಾಗಿಡಲು ಕರೆಂಟು ಬೇಕು, ಒಂದರ ಬಣ್ಣ ಇನ್ನೊಂದರ ಮೈಮೇಲೆ ಬೀಳದ ಹಾಗೆ ದಿನವಿಡೀ ಕಾಯಲು ಜನ ಬೇಕು. ಯೋಗಾನಂದ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಒಂದೇ ಲೇಸರಿನಿಂದ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಲವತ್ತು ಬಣ್ಣ ಹೊರಡಿಸುವ ಪೆಟ್ಟಿಗೆಯೊಂದನ್ನು ಮಾಡಿದ್ದ.

ಇದೆಲ್ಲ ಲೋಕಕಲ್ಯಾಣಕ್ಕೆಂದು ತಿಳಿಯಬೇಡಿ. ಅವನಿಗೆ ಬೇಕಿದ್ದದ್ದು ಕೈಕೆಳಗೆ ನಾಲ್ಕು ಜನ. ಮನೆಯಲ್ಲಿ ಹೆಂಡತಿ ಕವನಾಳ ಮಾತು ಕೇಳಬೇಕು, ಆಫೀಸಿನಲ್ಲಿ ಎಲ್ಲರ ಮಾತು ಕೇಳಬೇಕು. ತಾನು ಹೇಳಿದ್ದನ್ನು ಬೇರೆಯವರು ಕೇಳುವುದು ಹೇಗಿರುತ್ತದೆಂದು ಒಮ್ಮೆ ನೋಡಿಯೇ ಬಿಡಬೇಕೆಂಬ ಆಸೆ ಪಾಪ ಅವನಿಗೆ.

“ಚೆನ್ನೈ ಕೇಬಲ್ ಕಂಪನಿಯೋರು ಒಪ್ಪಿದ್ರೆ ನೀವೇ ಲ್ಯಾಬ್ ಮ್ಯಾನೇಜರ್ ಕಣ್ರೀ. ಗಾಜಿನ ಕ್ಯಾಬಿನ್ನು, ಲ್ಯಾಬ್ ಪೂರ್ತಿ ನಿಮ್ಮ ಕೈಕೆಳಗೆ,” ಎಂದು ಮಾಲೀಕ ಚಕ್ರಪಾಣಿ ಮಾತು ಕೊಟ್ಟಿದ್ದರು. ಆ ಚೆನ್ನೈನವರು ಬರುವ ದಿನವೇ ಈ ಶುಕ್ರವಾರ.

ಯೋಗಾನಂದ ಮುಖ ತೊಳೆದು ಲ್ಯಾಬಿಗೆ ಬಂದರೆ ಊದುಬತ್ತಿಯ ಹೊಗೆ. ಅಕೌಂಟ್ಸ್ ವಿಭಾಗದ ಕುಸುಮಾ ಮೇಡಂ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಸ್ಟೋರ್ ಕೀಪರ್ ಕೃಷ್ಣಪ್ಪ ನಿಂಬೆಹಣ್ಣು ಹೆಚ್ಚುತ್ತಿದ್ದರು.

“ಮೇಡಂ! ಏನ್ ಮಾಡಿದ್ರಿ?”

“ಹೊಸಾ ಮಿಷಿನ್ನು, ಶುಕ್ರವಾರ ಬೇರೆ. ಪೂಜೆ ಇಲ್ದೆ ಯಾರಾದ್ರೂ ಆನ್ ಮಾಡ್ತಾರೇನ್ರೀ? ಹಣೆ ಯಾವುದೂಂತ ಗೊತ್ತಾಗ್ಲಿಲ್ಲ. ಮಧ್ಯದಲ್ಲಿ ದುಂಡಗೆ ಒಂದು ಮುಚ್ಚಳ ಇತ್ತಲ್ಲ, ತೆಗೆದು ಅಲ್ಲೇ ಇಟ್ಟೆ.”

ಹಣೆಯಲ್ಲ, ಅದು ಬಾಯಿ. ಬೆಳಕು ಹೊರಬೀಳುವ ಆ ಗಾಜಿನ ತುದಿ ಕೂದಲಷ್ಟು ಸಣ್ಣದು. ಒಂದು ಕಣ ಧೂಳು ಕೂತರೂ ಕೆಲಸ ಕೆಟ್ಟಿತು. ನಲವತ್ತು ಬಣ್ಣಕ್ಕೆ ನಲವತ್ತು ಗೆರೆ ಎದ್ದು ನಿಲ್ಲಬೇಕಾದ ಪರದೆ ಬಟಾಬಯಲಾಗಿತ್ತು.

“ಊದಿದ್ರೆ ಹೋಗುತ್ತೆ ಸಾರ್,” ಎಂದರು ಕೃಷ್ಣಪ್ಪ. ತಡೆಯುವಷ್ಟರಲ್ಲಿ ಬಗ್ಗಿ ಊದಿಯೇ ಬಿಟ್ಟರು. ಬಾಯಲ್ಲಿ ಎಲೆಅಡಿಕೆ ಇತ್ತು.

“ಅಯ್ಯೋ ನಿಮ್ಮ! ಒರೆಸೋ ಸ್ಪಿರಿಟ್ ಎಲ್ರೀ? ನಿನ್ನೆ ತುಂಬಿದ ಬಾಟ್ಲಿ ಇತ್ತಲ್ಲ!”

“ಈ ಹಿತ್ತಾಳೆ ದೀಪ ನೋಡಿ ಸಾರ್, ಹೆಂಗೆ ಫಳಫಳ ಅಂತಿದೆ,” ಎಂದರು ಕೃಷ್ಣಪ್ಪ ಹೆಮ್ಮೆಯಿಂದ. ಬಾಟ್ಲಿ ಪೂರ್ತಿ ಅದಕ್ಕೇ ಹೋಗಿತ್ತು.

ಲ್ಯಾಬಿನಲ್ಲಿ ಲೇಸರ್ ಕಾಯುವ ಹುಡುಗರಲ್ಲೊಬ್ಬ, ಕೊಪ್ಪಳದ ಅಮರೇಶ, ಮೆಡಿಕಲ್ ಸ್ಟೋರಿಗೆ ಓಡಿದ. ಬಂದವನ ಕೈಯಲ್ಲಿ ಕೈ ಒರೆಸಿಕೊಳ್ಳುವ ಸ್ಯಾನಿಟೈಜರ್ ಇತ್ತು. “ಸ್ಪಿರಿಟ್ ಇಲ್ಲಂತ್ರೀ ಸರ. ಇದೂ ಅದರಂಗ ಅಂತ. ಗುಲಾಬಿ ವಾಸನಿ ಐತ್ರಿ.”

ತಿಳಿದವನು ಮಾಡುವ ಕೆಲಸವಲ್ಲ. ಆದರೆ ಗಾಬರಿಗೆ ಬುದ್ಧಿ ಎಲ್ಲಿ? ಯೋಗಾನಂದ ಅದನ್ನೇ ಹಚ್ಚಿ ಉಜ್ಜಿದ. ಕುಂಕುಮ, ಎಲೆಅಡಿಕೆ, ಗುಲಾಬಿ ಮೂರೂ ಸೇರಿ ಹಲ್ವಾದ ಹಾಗೆ ಕಚ್ಚಿಕೊಂಡವು.

ಅಷ್ಟರಲ್ಲಿ ಚೆನ್ನೈನವರು ಬಂದೇಬಿಟ್ಟರು. ಚಕ್ರಪಾಣಿ ಬಾಗಿಲಲ್ಲಿ ತಲೆ ಹಾಕಿ, “ರೆಡೀನಾ?” ಎಂದರು.

“ಇನ್ನೊಂದು ಹತ್ತು ನಿಮಿಷ ಸಾರ್! ಕಾಫಿ ಕೊಡ್ಸಿರಿ!”

ಕಾಫಿ ಆಯಿತು, ಖಾರಾಬಾತ್ ಆಯಿತು, ಮತ್ತೆ ಕಾಫಿ ಆಯಿತು. ಒಳಗೆ ಯೋಗಾನಂದ ಪೆಟ್ಟಿಗೆ ಬಿಚ್ಚಿ, ಕೆಟ್ಟ ತುದಿಯನ್ನು ಕತ್ತರಿಸಿ ಎಸೆದು, ಹೊಸ ಗಾಜಿನೆಳೆ ಬೆಸೆಯುತ್ತಿದ್ದ. ಹಿಂದೆ ಕುಸುಮಾ ಮೇಡಂ ಟಾರ್ಚ್ ಹಿಡಿದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದರು. ಮ್ಯಾನೇಜರ್ ಪದವಿ ಕೈಬಿಟ್ಟೇ ಹೋಯಿತೆಂದು ಅವನಿಗೆ ಅಳು ಬರುವಂತಾಗಿತ್ತು.

ಚಕ್ರಪಾಣಿ ಅತಿಥಿಗಳೊಂದಿಗೆ ಒಳಗೆ ಕಾಲಿಡುವುದಕ್ಕೂ ಪರದೆಯ ಮೇಲೆ ನಲವತ್ತು ಗೆರೆ ಸಾಲಾಗಿ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

“ಒಂದೇ ಲೇಸರಾ? ಉಳಿದ ಮೂವತ್ತೊಂಬತ್ತು?” ಚೆನ್ನೈನ ಹಿರಿಯರು ಕನ್ನಡದಲ್ಲೇ ಕೇಳಿದರು. ಅವರು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲೇ.

“ಬೇಡವೇ ಬೇಡ ಸಾರ್!” ಯೋಗಾನಂದ ಎದೆಯುಬ್ಬಿಸಿದ. “ಕೊಳ್ಳೋದು ಬೇಡ, ತಂಪು ಮಾಡೋದು ಬೇಡ, ಹಿಂದೆ ನಿಂತು ಕಾಯೋದೂ ಬೇಡ. ಎಲ್ಲಾ ಇದೊಂದೇ ನೋಡ್ಕೊಳ್ಳುತ್ತೆ.”

ಇಷ್ಟು ದಿನ ಆ ಪೆಟ್ಟಿಗೆಯ ತಲೆಬುಡ ತಿಳಿಯದಿದ್ದ ಚಕ್ರಪಾಣಿಯವರಿಗೂ ಈಗ ವಿಷಯ ಚೆನ್ನಾಗಿ ಅರ್ಥವಾಯಿತು. ಚೆನ್ನೈನವರು ಆರ್ಡರ್ ಕೊಟ್ಟು ಹೊರಟರು.

ಸಂಜೆ ಹೊತ್ತಿಗೆ ಯೋಗಾನಂದ ಗಾಜಿನ ಕ್ಯಾಬಿನ್ನಿನಲ್ಲಿ, ತಿರುಗುವ ಕುರ್ಚಿಯಲ್ಲಿ, ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ಕೂತಿದ್ದ. ಮೊದಲ ಅಪ್ಪಣೆ ಏನು ಕೊಡಲಿ ಎಂದು ಯೋಚಿಸುತ್ತಿರುವಾಗ ಅಮರೇಶ ಬ್ಯಾಗ್ ಏರಿಸಿಕೊಂಡು ಬಂದು ಕಾಲಿಗೆ ಬಿದ್ದ.

“ಆಶೀರ್ವಾದ ಮಾಡ್ರಿ ಸರ. ನಮ್ಮನ್ನೆಲ್ಲಾ ಮಾಲಕರು ತಮ್ಮ ಕೆಂಗೇರಿ ಇನ್ವರ್ಟರ್ ಫ್ಯಾಕ್ಟರಿಗೆ ಹಾಕ್ಯಾರ್ರಿ. ಇನ್ನ ಕಾಯಾಕ ಲೇಸರ್ ಎಲ್ಲಿ ಅದಾವ್ರಿ ಇಲ್ಲಿ? ಅಲ್ಲಿ ನನ್ನ ಸೂಪರ್‌ವೈಸರ್ ಮಾಡ್ಯಾರ. ಲ್ಯಾಬಿನ ಉಳಿದ ಹುಡುಗ್ರೆಲ್ಲಾ ನನ್ನ ಕೈಕೆಳಗ್ರಿ.”

ಯೋಗಾನಂದ ಓಡಿಹೋಗಿ ಚಕ್ರಪಾಣಿಯವರ ಎದುರು ನಿಂತ. “ಸಾರ್, ಲ್ಯಾಬಲ್ಲಿ ಒಬ್ರೂ ಇಲ್ವಲ್ಲ!”

“ಒಂದೇ ಸಾಕು, ಎಲ್ಲಾ ನೋಡ್ಕೊಳ್ಳುತ್ತೆ ಅಂತ ನೀವೇ ಹೇಳಿದ್ರಲ್ರೀ. ಎಂಥಾ ಐಡಿಯಾ! ಇನ್ಮೇಲೆ ಲ್ಯಾಬಿಗೆ ನೀವೊಬ್ರೇ. ನಾಳೆಯಿಂದಾನೇ ಕೆಲಸ ಶುರು ಮಾಡಿಸಿಬಿಡಿ.”

ಯೋಗಾನಂದ ಕ್ಯಾಬಿನ್ನಿಗೆ ಮರಳಿ ಕುರ್ಚಿಯಲ್ಲಿ ಕುಸಿದ. ಗಾಜಿನಾಚೆ ಖಾಲಿ ಸ್ಟೂಲುಗಳು. ಕೊನೆಗೆ ಕೊರಳಿನ ಹಾರ ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದ:

“ನಾಳೆ ಬೇಗ ಬರಬೇಕು, ಗೊತ್ತಾಯ್ತಾ?”

ಸುತ್ತಮುತ್ತ ನೋಡಿದ. ಯಾರೂ ಇರಲಿಲ್ಲ. ನಿಧಾನವಾಗಿ ಎದ್ದು ನಿಂತ.

“ಆಯ್ತು ಸಾರ್,” ಎಂದ.