ಮಾವನ ಮಾತ್ರೆ, ನನ್ನ ಧಾರೆ

ಮಂಗಳೂರಿನ ಯಾವ ಹೋಟೆಲಿನಲ್ಲಿ ಮೂತ್ರಾಲಯ ಎಲ್ಲಿದೆ ಎಂದು ಅಲ್ಲಿನ ಯಜಮಾನರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅನುಮಾನವೇ ಬೇಡ, ನನ್ನ ಸೋದರಮಾವ! ಅರುವತ್ತು ದಾಟಿದ ಮೇಲೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಅವರು ಅರ್ಧ ಗಂಟೆಗೊಮ್ಮೆ ಓಡಬೇಕಿತ್ತು. ಓಡಲಿ. ಆದರೆ ಊರಿಗೇ ದೊಡ್ಡದಾದ ಗುತ್ತಿನ ಮನೆಯ ಗತ್ತು ಬಿಡಬೇಕಲ್ಲ! ಒಬ್ಬರ ಹೋಟೆಲಿಗೆ ನುಗ್ಗಿ ಏನೂ ಕುಡಿಯದೆ ಬರುವುದು ಮರ್ಯಾದೆಯೇ? ಹೋದಲ್ಲೆಲ್ಲ ಒಂದು ಕಾಫಿ! ಆ ಕಾಫಿ ಅವರನ್ನು ಮುಂದಿನ ಹೋಟೆಲಿಗೆ ಅಟ್ಟುತ್ತಿತ್ತು. ಪಡೀಲಿನಿಂದ ಪಣಂಬೂರು ಮುಟ್ಟುವಾಗ ಏಳು ಕಾಫಿಯಾಗಿರುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ನನ್ನ ಮದುವೆ ನಿಶ್ಚಯವಾಯಿತು. ಅಪ್ಪನಿಲ್ಲದ ನನ್ನನ್ನು ಸಾಕಿದವರು ಮಾವ; ಧಾರೆ ಎರೆಯಬೇಕಾದವರೂ ಅವರೇ. ಅವರೋ ಬೆವೆತುಹೋದರು!

"ನನ್ನಿಂದಾಗುದಿಲ್ಲ ಮಗಾ. ಮಂಟಪದಲ್ಲಿ ಎರಡು ಗಂಟೆ ಇರ್ಲಿಕ್ಕುಂಟು. ನಡುವೆ ಎದ್ದು ಓಡಿದ್ರೆ ಗಂಡಿನವರು ಎಂತ ಹೇಳಿಯಾರು?"

"ನೀವಿಲ್ಲದಿದ್ರೆ ನನಗೆ ಮದುವೆಯೇ ಬೇಡ!" ಎಂದು ಅವರನ್ನು ಕೊಟ್ಟಾರದ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದೆ. ಮೊದಲಾದರೆ ಇದಕ್ಕೆ ಆಪರೇಷನ್ನೇ ಗತಿ. ಆಗಷ್ಟೇ ಮಾತ್ರೆ ಕೊಟ್ಟು ನೋಡುವ ಕಾಲ ಬಂದಿತ್ತು. ಡಾಕ್ಟರು ಬರೆದದ್ದು ರಕ್ತದೊತ್ತಡದ ಮಾತ್ರೆ!

"ನನಗೆ ಬಿಪಿ ಇಲ್ಲ ಡಾಕ್ಟ್ರೇ!"

"ಗೊತ್ತುಂಟು ಮಾರಾಯ್ರೆ. ಇದು ಮೂತ್ರದ ದಾರಿ ಸ್ವಲ್ಪ ಸಡಿಲ ಮಾಡ್ತದೆ. ಏಳುವಾಗ ಮಾತ್ರ ನಿಧಾನ, ತಲೆ ತಿರುಗ್ತದೆ. ಮತ್ತೆ ಈ ಕಾಫಿ ಬಿಡಿ!"

"ಹಾಗಾದ್ರೆ ಹೋಟೆಲಿನವರ ಮುಖ ಹೇಗೆ ನೋಡುದು?"

"ಬನ್ಸ್ ತಿನ್ನಿ!"

ನಿಧಾನವೆಂದರೆ ಎಂಥ ನಿಧಾನ! ಸಿಟಿ ಬಸ್ಸಿನಲ್ಲಿ ಎರಡು ಸ್ಟಾಪು ಮೊದಲೇ ಸೀಟಿನಿಂದ ಏಳಲು ಶುರುಮಾಡುತ್ತಿದ್ದರು. "ಇಳೀಲಿಕ್ಕುಂಟಾ ಇಲ್ವಾ?" ಎಂದು ಕಂಡಕ್ಟರ್ ಕೂಗಿದರೆ, "ಏಳ್ತಾ ಇದ್ದೇನೆ, ಕಾಣುದಿಲ್ವಾ?" ಎಂದು ಇವರೇ ಗದರುವುದು! ಆದರೆ ಮಾತ್ರೆ ಕೆಲಸ ಮಾಡಿತು! ತಿಂಗಳೊಳಗೆ ಅರ್ಧ ಗಂಟೆಗೊಮ್ಮೆ ಇದ್ದದ್ದು ಎರಡು ಗಂಟೆಗೊಮ್ಮೆಯಾಯಿತು. ಕಂಡವರಿಗೆಲ್ಲ ಕೈಗಡಿಯಾರ ತೋರಿಸಿ, "ಇವತ್ತು ಎರಡು ಗಂಟೆ ಐದು ನಿಮಿಷ!" ಎಂದು ವರದಿ ಒಪ್ಪಿಸುತ್ತಿದ್ದರು.

ಮದುವೆಯ ದಿನ ಮಾವ ಮಂಟಪ ಬಿಟ್ಟು ಕದಲಲಿಲ್ಲ. ನಮ್ಮ ಕೈಗಳ ಮೇಲೆ ಧಾರೆಯ ನೀರು ಬೀಳುವಾಗ ಹೆದರಿ ಅವರ ಮುಖ ನೋಡಿದೆ. ನಗುತ್ತಿದ್ದರು! ಗೆದ್ದೆವು ಎಂದುಕೊಂಡೆ.

ಊಟಕ್ಕೆ ಕುಳಿತಾಗ ಅವರು ಮೂರು ಲೋಟ ನೀರನ್ನು ಗಟಗಟ ಕುಡಿದರು. ತುಟಿ ಒಣಗಿ ಬಿರಿದಿತ್ತು.

"ಮಾವಾ, ಬೆಳಗ್ಗಿನಿಂದ ನೀರೇ ಕುಡೀಲಿಲ್ವಾ?"

"ನಿನ್ನೆ ಮಧ್ಯಾಹ್ನದಿಂದ ಕುಡೀಲಿಲ್ಲ."

"ಮತ್ತೆ ಆ ಮಾತ್ರೆ?"

"ಮಾತ್ರೆ ಮೇಲೆ ನಂಬಿಕೆ ಉಂಟು ಮಗಾ. ಆದ್ರೆ ನಿನ್ನ ಧಾರೆ ಒಂದೇ ಸಲ ಅಲ್ವಾ?"

ಗಂಡಿನವರೆಲ್ಲ ನೋಡುತ್ತಿದ್ದಂತೆಯೇ, ನಾನು ಅವರ ಹೆಗಲಿಗೆ ಮುಖವೊತ್ತಿ ಅತ್ತುಬಿಟ್ಟೆ.