ಬೇಡ ಎಂದವನ ಹೆಗಲಿಗೆ

ನಮ್ಮ ಕಲಬುರಗಿಯವರಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದಾನೆ, ಸುಮ್ಮನಿರುವ ಶಕ್ತಿಯೊಂದನ್ನು ಬಿಟ್ಟು. ಜಗತ್ ಸರ್ಕಲ್‌ನಲ್ಲಿ ಎರಡು ಗಾಡಿ ತಾಗಿದರೆ ನ್ಯಾಯ ಹೇಳಲು ಹತ್ತು ಗಾಡಿ ನಿಲ್ಲುತ್ತವೆ. ಅಂಥ ಊರಿನವನಾದ ನಾನು ಹೋಗಿ ಸೇರಿದ್ದು ಸುಮ್ಮನಿದ್ದರೆ ಒಪ್ಪಿದಂತೆ ಎನ್ನುವವರ ಗುಂಪನ್ನು! ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸುವ ಉಚಿತ ತಂತ್ರಾಂಶವೊಂದಿದೆ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಎಲ್ಲೆಲ್ಲೋ ಕುಳಿತ ಈ ಗುಂಪಿನವರು ಬಿಟ್ಟಿ ದುಡಿದು ಬೆಳೆಸಿದ್ದು. ಅಲ್ಲಿ ಯಜಮಾನರಿಲ್ಲ. ಯಾರಾದರೂ "ಹೀಗೆ ಮಾಡೋಣವೇ?" ಎಂದು ಬರೆಯುತ್ತಾರೆ, ವಾರದೊಳಗೆ ಯಾರೂ ಬೇಡ ಎನ್ನದಿದ್ದರೆ ಅದೇ ತೀರ್ಮಾನ. ಈ ಪದ್ಧತಿ ಮನೆಗೂ ಬರಲಿ ಎಂದು ಹೆಂಡತಿ ಶೈಲಾಳಿಗೆ ಹೇಳಿ ನೋಡಿದೆ. "ಅದಕ್ಕೇನ್ರೀ, ನೀವು ಸುಮ್ನಿರೋದು ರೂಢಿ ಮಾಡ್ಕೋರಿ, ಉಳಿದದ್ದು ನಾ ನೋಡ್ಕೋತೀನಿ," ಎಂದಳು.

ಮನೆಯಲ್ಲಿ ತಕರಾರಿದ್ದದ್ದು ನನ್ನ ಹಳೆಯ ಕಂಪ್ಯೂಟರಿನದು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಪುಟ್ಟ ಮನೆಯಲ್ಲಿ ಕಿಟಕಿಯ ಪಕ್ಕದ ಒಳ್ಳೆಯ ಜಾಗವನ್ನೆಲ್ಲ ಅದೇ ಹಿಡಿದು ಕುಳಿತಿದೆ. ಚಾಲೂ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಕಣ್ಣುಜ್ಜುತ್ತಿರುತ್ತದೆ. ಗುಜರಿಗೆ ಹಾಕೋಣ ಎಂದು ಅವಳು, ಬೇಡ ಎಂದು ನಾನು.

ಅಷ್ಟರಲ್ಲಿ ಗುಂಪಿನಲ್ಲಿ ಪ್ರಸ್ತಾಪ ಬಂತು: ಹೊಸ ಆವೃತ್ತಿ ಸಿದ್ಧವಾಗಿದೆ, ಹಳೆಯದಕ್ಕೆ ಇನ್ನು ರಿಪೇರಿ ಇಲ್ಲ, ಆಕ್ಷೇಪವಿದ್ದರೆ ವಾರದೊಳಗೆ ತಿಳಿಸಿ. ನಾನು ಸುಮ್ಮನಿದ್ದೆ. ಕಮಲಾಪುರದಲ್ಲಿ ಟೀಚರ್ ಆಗಿರುವ ಅಕ್ಕನಿಗೆ ಫೋನಿನಲ್ಲಿ ಹೊಸ ಆವೃತ್ತಿಯ ಸುದ್ದಿ ಜಂಬದಿಂದ ಹೇಳಿದ್ದೇ ತಪ್ಪಾಯಿತು.

"ಹೊಸದು ನಮ್ಮ ಸಾಲಿ ಕಂಪ್ಯೂಟರಿನ್ಯಾಗ ನಡೀತದೇನೋ ತಮ್ಮಾ?"

ನಡೆಯುವುದಿಲ್ಲ. ಯಾರೋ ದಾನ ಕೊಟ್ಟ ಅವು ನನ್ನದರ ಓರಗೆಯವು.

"ಮತ್ತ ಹಳೇದ್ರಾಗ 'ಳ' ಒತ್ತಿದ್ರ ಎಲ್ಲಾ ನಿಂತು ಹೋಗ್ತದಲ್ಲ, ಅದನ್ನ ಯಾರು ನೋಡವ್ರು? ಕೆಂಪು ಬಾಳೆಹಣ್ಣಿನ ಊರಿನ ಹುಡುಗ್ರು 'ಬಾಳೆ' ಅಂತ ಬರಿಯಾಕ ಬರಂಗಿಲ್ಲ ಅಂದ್ರ ಹ್ಯಾಂಗೋ? ಇದೂ ನಿಂತ್ರ ಈ ಮಕ್ಕಳಿಗಿ ಬ್ಯಾರೆ ಕಂಪ್ಯೂಟರ್ ಎಲ್ಲಿಂದ ತರ್ಲಿ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಕೂಡಲೇ ಆಕ್ಷೇಪ ಬರೆದೆ. ಹೊಸದೇ ಸಾಕು ಎಂದು ಕೆಲವರು, ಪಾಪ ಮಕ್ಕಳು ಎಂದು ಕೆಲವರು, ಎರಡು ದಿನ ಭರ್ಜರಿ ವಾದ ನಡೆಯಿತು. ಕೊನೆಗೆ ಬಿಡುಗಡೆಯ ಉಸ್ತುವಾರಿ ನೋಡುವ ನಾಗಪುರದ ಮೇಡಂ ಬರೆದರು: "ಆಕ್ಷೇಪ ಸರಿಯಾಗಿದೆ. ಹಳೆಯದನ್ನು ಇನ್ನೊಂದು ವರ್ಷ ಇಟ್ಟುಕೊಳ್ಳೋಣ. ನೋಡಿಕೊಳ್ಳುವವರು ಯಾರು?" ಅಬ್ಬಾ, ಆಗ ಬಿತ್ತು ನೋಡಿ ಮೌನ! ಅಷ್ಟು ಹೊತ್ತು ವಾದಿಸಿದವರೆಲ್ಲ ಎಲ್ಲಿ ಹೋದರೋ. ಆದರೆ ಊರಿನ ಗುಣ ಬಿಟ್ಟೀತೇ? ತಡೆಯಲಾರದೆ "ನಾನು" ಎಂದುಬಿಟ್ಟೆ.

ಆ ದೋಷ ಕಾಣಿಸಿಕೊಳ್ಳುವುದು ಹಳೆಯ ಯಂತ್ರಗಳಲ್ಲಿ ಮಾತ್ರ. ಹೀಗಾಗಿ ಗುಜರಿಗೆ ಹೊರಟಿದ್ದ ನನ್ನ ಕಂಪ್ಯೂಟರು ಇಡೀ ಗುಂಪಿಗೆ ಪರೀಕ್ಷೆಯ ಯಂತ್ರವಾಯಿತು. ನಾನು ತಿದ್ದುವುದು, ಶೈಲಾ ಪಕ್ಕದಲ್ಲಿ ಕುಳಿತು 'ಳ' ಒತ್ತುವುದು, "ಮತ್ತ ನಿಂತ್ತ ನೋಡ್ರಿ" ಎನ್ನುವುದು. ಅಂತೂ ಒಂದು ಭಾನುವಾರ ಅದು ನಿಲ್ಲಲಿಲ್ಲ. ತಿದ್ದಿದ ಹಳೆಯ ಆವೃತ್ತಿ ಬಿಡುಗಡೆಯಾಯಿತು. ಅಕ್ಕ ವಿಡಿಯೋ ಕಳಿಸಿದಳು: ಪರದೆಯ ತುಂಬ ಬಾಳೆ, ಬಾಳೆ, ಬಾಳೆ, ಮಕ್ಕಳ ಕೇಕೆ. ನನಗೆ ಕಣ್ಣು ತುಂಬಿ ಬಂತು.

ಅದೇ ಹುರುಪಿನಲ್ಲಿ ಶೈಲಾಳಿಗೆ ಹೇಳಿದೆ, "ನೋಡಿದ್ಯಾ? ಹಳೇದಂತ ಹಂಗ ಒಗೀಬಾರ್ದು. ನೋಡ್ಕೊಳ್ಳಾಕ ಒಬ್ರು ಮುಂದ ಬಂದ್ರ ಸಾಕು, ಇನ್ನೂ ಭಾಳ ದಿನ ನಡೀತದ."

"ಅದನ್ನ ನನಗ ಹೇಳ್ತೀರೇನ್ರೀ? ಮದ್ವಿ ಆದಾಗಿಂದ ಅದೇ ಕೆಲಸ ಮಾಡಾಕತ್ತೀನಲ್ಲ," ಎಂದಳು, ಕಂಪ್ಯೂಟರಿನ ಕಡೆ ನೋಡದೆ, ನನ್ನನ್ನೇ ನೋಡುತ್ತ.

ವಾರ ಕಳೆಯಿತು. ನಾನಿನ್ನೂ ಆಕ್ಷೇಪ ಸಲ್ಲಿಸಿಲ್ಲ.