ಮೊದಲು ಕಂಡವರೇ ವಿಚಾರಿಸತಕ್ಕದ್ದು

ಮಂಕಾಗಿ ಕೂತ ವಿದ್ಯಾರ್ಥಿಯನ್ನು ಮೊದಲು ಕಂಡವರೇ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸತಕ್ಕದ್ದು. ಇನ್ನೊಬ್ಬರ ಬಳಿಗೆ ಸಾಗಹಾಕಕೂಡದು. ಮಧುಗಿರಿಯ ಹೈಸ್ಕೂಲಿಗೆ ಹೆಡ್ಮಾಸ್ಟರಾಗಿ ಬಂದ ವರ್ಷ ನಾನು ಆರ್ಡರ್ ಪುಸ್ತಕದಲ್ಲಿ ಬರೆದ ಮೊದಲ ನಿಯಮ ಇದು. ಮಕ್ಕಳ ಮನಸ್ಸಿನ ಭಾರ ಇಡೀ ಶಾಲೆ ಹೊರಬೇಕಾದದ್ದು ಎಂಬುದು ನನ್ನ ಸಿದ್ಧಾಂತ. ಎಲ್ಲರೂ ಓದಿ ಸಹಿ ಹಾಕಿದರು. ಆದರೆ ನಿಯಮ ಬರೆದ ಕೂಡಲೇ ಅದನ್ನು ಮುರಿಯುವ ಪ್ರಸಂಗಗಳು ವಿಳಾಸ ಕೇಳಿಕೊಂಡು ಬರುತ್ತವೆ. ನನಗೆ ಒಂದೇ ವಾರದಲ್ಲಿ ನಾಲ್ಕು ಬಂದವು.

ಪಾವಗಡದ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಎಂಟನೇ ಕ್ಲಾಸಿಗೆ ಸೇರಿದ್ದಳು. ವಾಸ ಇಲ್ಲೇ ಸೋದರಮಾವನ ಮನೆಯಲ್ಲಿ. ಬರವಣಿಗೆ ಮುತ್ತಿನಂಥದ್ದು. ಸೇರಿದ ಮಾರನೆಯ ದಿನದಿಂದ ಮಾತ್ರ ತುಟಿ ಬಿಚ್ಚಲಿಲ್ಲ. ಮಾವ ಬಂದು ಹೇಳಿಹೋದ: "ಸಂತೆ ದಿನ ಅವಳಪ್ಪ ಬತ್ತಾನೆ ಸಾ. ಮಾತಿನ ಮಲ್ಲಿ ಕೊಟ್ಟೆ, ಮೂಗಿ ಮಾಡಿಕ್ಕವ್ರೆ ಅಂತಾನೆ. ಅಷ್ಟ್ರಲ್ಲಿ ಬಾಯಿ ಬುಡ್ದಿದ್ರೆ ಇಸ್ಕೂಲು ಬುಡಿಸ್ಕೊಂಡು ಹೋಯ್ತಾನಂತೆ."

೧. ಗಣಿತದವರ ಚೀಟಿ

ಅವಳ ಕಣ್ಣು ತುಂಬಿದ್ದನ್ನು ಮೊದಲು ಕಂಡವರು ಗಣಿತದ ಮೇಷ್ಟರು. "ಯಾಕಮ್ಮ ಅಳ್ತೀಯ? ಉತ್ತರ ಸರಿಯಾಗೇ ಇದೆಯಲ್ಲ!" ಎಂದರು. ಹುಡುಗಿ ಕಣ್ಣೊರೆಸಿಕೊಂಡಳು. ಮೇಷ್ಟರು ಒಂದು ಚೀಟಿ ಬರೆದರು: "ಲೆಕ್ಕದಲ್ಲಿ ದೋಷವಿಲ್ಲ, ಮಾತಿನಲ್ಲಿದೆ. ಆದ್ದರಿಂದ ಕನ್ನಡ ಪಂಡಿತರಿಗೆ." ಕೆಳಗೆ ಸಹಿ.

ನಾನು ಕರೆಸಿ ಗದರಿದೆ. ಅವರು ಅಳುಕಲಿಲ್ಲ. "ಸಾಗಹಾಕಿಲ್ಲ ಸಾರ್. ಕೂಡೋ ಲೆಕ್ಕದಲ್ಲಿ ದಶಕ ಕೊಡೋದಿಲ್ವೆ? ಹಾಗೆ ಪಕ್ಕದ ಮನೆಗೆ ಕೊಟ್ಟೆ, ಅಷ್ಟೆ."

೨. ಪಂಡಿತರ ಸಮಾಧಾನ

ಪಂಡಿತರು ಕರುಣಾಳು. ದುಃಖ ಹೇಳಿಕೊಂಡರೆ ಹಗುರಾಗುತ್ತದೆಂದು ತೋರಿಸಲು ಇಡೀ ಕ್ಲಾಸಿನೆದುರು ತಮ್ಮದನ್ನೇ ಶುರುಮಾಡಿದರು. ತಾವು ವಾರಾನ್ನ ಉಂಡು ಓದಿದ್ದು, ಗುರುವಾರದ ಮನೆಯವರು ಬಾಗಿಲು ಹಾಕಿಕೊಂಡದ್ದು, ಊರಲ್ಲಿ ಮುದ್ದಿನ ಕರು ಸತ್ತದ್ದು. ಕರು ಸಾಯುವ ಹೊತ್ತಿಗೆ ಕ್ಲಾಸಿಗೆ ಕ್ಲಾಸೇ ಬಿಕ್ಕುತ್ತಿತ್ತು. ಯಾರಿಗೆ ಏನಾಯಿತೋ ಎಂದು ನಾನು ಓಡಿದೆ. ಪಂಡಿತರು ಉತ್ತರೀಯದಲ್ಲಿ ಮುಖ ಮುಚ್ಚಿಕೊಂಡಿದ್ದರು. ಅಳದೆ ನಿಂತಿದ್ದವಳು ಒಬ್ಬಳೇ. ಆ ಹುಡುಗಿ ಅವರಿಗೆ ನೀರಿನ ಲೋಟ ಹಿಡಿದಿದ್ದಳು.

ಅವರು ನೀರು ಕುಡಿದು ಅದೇ ಚೀಟಿಯಲ್ಲಿ ಬರೆದು ಸಹಿ ಹಾಕಿದರು: "ಡ್ರಿಲ್ ಮೇಷ್ಟರಿಗೆ. ಈಕೆ ನನಗಿಂತ ಗಟ್ಟಿ."

೩. ಬೆವರಿನ ಚಿಕಿತ್ಸೆ

"ದುಃಖ ಅಂದ್ರೆ ಮೈಯಲ್ಲಿ ನಿಂತ ನೀರು ಸಾರ್. ಓಡಿಸಿದ್ರೆ ಬೆವರಾಗಿ ಹೋಗ್ತದೆ" ಎಂದು ಡ್ರಿಲ್ ಮೇಷ್ಟರು ಎಂಟನೇ ಕ್ಲಾಸನ್ನೆಲ್ಲ ಮೈದಾನಕ್ಕೆ ಇಳಿಸಿದರು. ತಾವೇ ಮುಂದೆ ಓಡಿದರು. ಮೂರನೇ ಸುತ್ತಿನಲ್ಲಿ ಕಾಲು ಉಳುಕಿತು. ಹುಡುಗಿ ತಂದುಕೊಟ್ಟ ಕೋಲೂರಿಕೊಂಡು ನನ್ನ ರೂಮಿಗೆ ಬಂದು ಚೀಟಿಗೆ ಸಹಿ ಹಾಕಿದರು.

"ಇನ್ನು ನಿಮ್ಮ ಕೇಸು ಸಾರ್."

"ಯಾವುದ್ರೀ? ನಿಮ್ಮದೋ, ಅವಳದೋ?"

"ಅವಳ್ದು ಸಾರ್. ನನ್ದು ಎಣ್ಣೆ ತಿಕ್ಕಿದ್ರೆ ಹೋಗ್ತದೆ."

೪. ಐದನೆಯದು

ಮಾರನೆಯ ದಿನವೇ ಸಂತೆ. ಬೆಳಿಗ್ಗೆ ಅವಳನ್ನು ಕರೆಸಿ, ಎದುರಿಗೆ ನಿಲ್ಲಿಸಿ, ಶುದ್ಧ ಇಂಗ್ಲಿಷಿನಲ್ಲಿ ವಿಚಾರಿಸಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ನನಗೋ ಇನ್‌ಸ್ಪೆಕ್ಟರಿಗೆ ಕಾಗದ ಬರೆಯುವ ಅವಸರ. ಚೀಟಿಯಲ್ಲಿ "ಆಸ್ಪತ್ರೆಯ ಡಾಕ್ಟರಿಗೆ" ಎಂದು ಗೀಚಿ, ಸಹಿ ಹಾಕಿ, ಜವಾನನ ಕೈಗಿತ್ತೆ.

ನಮ್ಮ ಜವಾನ ಸಿರಾದ ಸಾಬರು. ಮೊದಲು ಪಾವಗಡದ ಸೀಮೆಯಲ್ಲಿ ಬಳೆ ಮಾರಿಕೊಂಡಿದ್ದವರು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ಓದಾಕೆ ಬರಲ್ಲ ಸಾಹೇಬ್ರೇ, ಎಣಿಸಾಕೆ ಬರ್ತೈತೆ. ನಾಲ್ಕು ಸಹಿ ಅವೆ. ಐದ್ನೇದು ನನ್ ಹೆಬ್ಬೆಟ್ಟು ಬೀಳಲ್ಲ."

ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಹುಡುಗಿಯನ್ನು ಕರೆದುಕೊಂಡು ಹೋಗಿ ಜಗಲಿಯಲ್ಲಿ ಗಂಟೆಯ ಕೆಳಗೆ ಕೂತರು. "ಏಮಮ್ಮಾ, ಅನ್ನಂ ತಿಂಟಿವಾ?" ಎಂದು ಆ ಸೀಮೆಯ ತೆಲುಗಿನಲ್ಲಿ ಊಟ ವಿಚಾರಿಸಿದರು.

ಕೆರೆ ಕಟ್ಟೆ ಒಡೆಯಿತು. ತೆಲುಗು, ಕನ್ನಡ, ಅಳು, ನಗು ಎಲ್ಲ ಒಟ್ಟಿಗೆ. ಪೀರಿಯಡ್ಡು ಮುಗಿಯುವ ಹೊತ್ತಾಯಿತು, ಗಂಟೆಯಿಲ್ಲ. ಮೇಲೆ ಇಪ್ಪತ್ತು ನಿಮಿಷವಾಯಿತು. ಗಣಿತದ ಕ್ಲಾಸಿನಿಂದ ಹುಡುಗರ ನರಳಾಟ ಕೇಳಿಸಿತು. ನಾನು ಗಡಿಯಾರ ಹಿಡಿದು ಹೊರಬಂದೆ. ಗೇಟಿನಲ್ಲಿ ಹುಡುಗಿಯ ಅಪ್ಪ ಕೋಲಿಗೆ ಗದ್ದ ಊರಿ, ಮಗಳ ಮಾತನ್ನೇ ಕೇಳುತ್ತ ನಿಂತಿದ್ದ.

"ಗಂಟೆ ಹೊಡಿಯಯ್ಯ!" ಎಂದೆ.

"ಗೇಟೊಳಗೆ ತೆಲುಗು ಕೇಳ್ಸಿದ್ರೆ ಹೆಸರು ಹೊಡೆದಾಕ್ತೀನಿ ಅಂದ್ರಂತೆ ನೀವು. ಯಾವ್ದು ತೆಲುಗು, ಯಾವ್ದು ಕನ್ನಡ ಅಂತ ಈ ಮಗೀಗೆ ಏನ್ ಗೊತ್ತು ಸಾಹೇಬ್ರೇ? ಅದ್ಕೇ ಎರಡೂ ಬುಟ್ಟವ್ಳೆ."

ಅಂದಿದ್ದೆ. ಅವಳು ಸೇರಿದ ದಿನವೇ, ಪ್ರಾರ್ಥನೆಯ ಹೊತ್ತಿನಲ್ಲಿ, ಗಟ್ಟಿಯಾಗಿ. "ತಪ್ಪು ನನ್ನದು. ಯಾವ ಭಾಷೆ ಬರುತ್ತೋ ಅದರಲ್ಲಿ ಆಡಮ್ಮ," ಎಂದೆ.

ಅಪ್ಪ ಗೇಟಿನಿಂದಲೇ ಕೂಗಿದ: "ಇಲ್ಲೇ ಓದ್ಕಂಡಿರ್ಲಿ ಸಾಮಿ. ಇಷ್ಟು ಮಾತು ಮನೇಲಿ ಕೇಳೋರ್ಯಾರು?"

ಹುಡುಗಿಯ ಮಾತು ಆಗಷ್ಟೇ ಅತ್ತೆ ಮಾಡುವ ಸಾರಿನ ರುಚಿಗೆ ಬಂದಿತ್ತು. "ಸರಿಯಯ್ಯ, ಈಗಲಾದರೂ ಗಂಟೆ ಹೊಡಿ," ಎಂದೆ.

ಸಾಬರು ಕೂತಲ್ಲಿಂದ ಏಳಲಿಲ್ಲ. ಗಂಟೆಯ ಸುತ್ತಿಗೆ ತೆಗೆದು ನನ್ನ ಕೈಗೆ ಕೊಟ್ಟು, "ನಂಗೆ ಪುರ್ಸೊತ್ತಿಲ್ಲ, ನೀವೇ ಹೊಡ್ಕೊಳ್ಳಿ," ಎಂದವರೇ ಆ ಕಡೆ ತಿರುಗಿದರು: "ಊಂ, ಸಾರು ಕುಡಿದ ತರ್ವಾತ ಏಮಾಯೆ ತಲ್ಲಿ? ಏನಾಯ್ತು ತಾಯಿ?"